ಸಹಾಯ ಬೇಕು: ಹಳೇ ಡಬ್ಬ ಟಿವಿಗೆ ರಾಸ್ಪ್‌ಬೆರಿ ಪೈ, ಬಣ್ಣ ಬಂದ್ರೆ ಆಟ ತಡವರಿಸುತ್ತೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆ ವಿದ್ಯಾನಗರದಿಂದ ಬರೀತಿದ್ದೀನಿ. ಅಟ್ಟದ ಮೇಲಿದ್ದ 21 ಇಂಚಿನ ಡಬ್ಬ ಟಿವಿ ಇಳಿಸಿ ಧೂಳು ಒರೆಸಿ ಹಾಕಿದ್ರೆ, ಪುಣ್ಯಕ್ಕೆ ಇನ್ನೂ ಜೀವ ಇದೆ. ಅದಕ್ಕೆ ರಾಸ್ಪ್‌ಬೆರಿ ಪೈ 3ಬಿ (ಅಂಗೈಯಗಲದ ಪುಟ್ಟ ಕಂಪ್ಯೂಟರ್) ಜೋಡಿಸಿ, ರೆಟ್ರೋಪೈ (ಹಳೇ ವಿಡಿಯೋ ಗೇಮ್ ಆಡಿಸೋ ಸಾಫ್ಟ್‌ವೇರ್) ಹಾಕಿ, ಮಗಳಿಗೆ ಮಾರಿಯೋ ಆಡಿಸೋ ಆಸೆ.

ಎಚ್‌ಡಿಎಂಐ ಇಲ್ಲದ ಟಿವಿ, ಹಾಗಾಗಿ ಪೈನ 3.5 ಎಂಎಂ ಜಾಕ್‌ನಿಂದಲೇ ಎವಿ ಕೇಬಲ್ ಎಳೆದೆ. ಹಳದಿ ಪಿನ್ ಹಳದಿ ತೂತಿಗೆ ಹಾಕಿದ್ರೆ ಚಿತ್ರವೇ ಇಲ್ಲ, ಬರೀ ಗರ್ರ್ ಅನ್ನೋ ಸದ್ದು. ಅರ್ಧ ದಿನ ತಲೆ ಕೆಡಿಸ್ಕೊಂಡು ಕೊನೆಗೆ ಕೆಂಪು ಪಿನ್ನನ್ನ ಹಳದಿ ತೂತಿಗೆ ಚುಚ್ಚಿದೆ, ಚಿತ್ರ ಬಂತು! ಪೈನಲ್ಲಿ ವಿಡಿಯೋ ಬರೋದು ಜಾಕ್‌ನ ಬುಡದ ಭಾಗದಲ್ಲಿ. ನನ್ನದು ಹಳೇ ಕ್ಯಾಮ್‌ಕಾರ್ಡರ್ ಕೇಬಲ್, ಅದರ ಜೋಡಣೆಯೇ ಬೇರೆ.

ಆದ್ರೆ ಚಿತ್ರ ಕಪ್ಪು-ಬಿಳುಪು. ಪೈ ತಾನಾಗಿ ಕೊಡೋದು ಎನ್‌ಟಿಎಸ್‌ಸಿ (ಅಮೆರಿಕ ಕಡೆಯ ಟಿವಿ ಸಿಗ್ನಲ್ ಪದ್ಧತಿ), ನಮ್ಮ ಟಿವಿ ಪಾಲ್ (ಭಾರತದ ಪದ್ಧತಿ). ಪೈನ ಸೆಟ್ಟಿಂಗ್ ಇರೋ ಕಾನ್ಫಿಗ್ ಫೈಲ್‌ನಲ್ಲಿ ಎಸ್‌ಡಿಟಿವಿ ಮೋಡ್ 2 (ಅಂದ್ರೆ ಪಾಲ್) ಅಂತ ಬರೆದೆ, ಬಣ್ಣ ಬಂತು. ಈಗ ಹೊಸ ಕಾಟ: ಪಾಲ್ 50 ಹರ್ಟ್ಸ್ (ಸೆಕೆಂಡಿಗೆ 50 ಸಲ ಚಿತ್ರ ಬದಲಾಗೋದು), ನನ್ನ ಹತ್ರ ಇರೋ ಆಟಗಳು 60 ಹರ್ಟ್ಸ್‌ನವು. ಮಾರಿಯೋ ಓಡುವಾಗ ಹಿಂದಿನ ಗುಡ್ಡ, ಮೋಡ ಎಲ್ಲಾ ಬಿಕ್ಕಳಿಸಿದ ಹಾಗೆ ಸರಿಯುತ್ತೆ. ಮಗಳಿಗೆ ಗೊತ್ತಾಗಲ್ಲ, ನನಗೆ ಕಣ್ಣು ಚುಚ್ಚುತ್ತೆ.

ಯಾರಾದ್ರೂ ಇದನ್ನ ಸರಿ ಮಾಡ್ಕೊಂಡಿದ್ದೀರಾ? ಮೋಡ್ 18 (ಪಾಲ್‌ನದ್ದೇ, ಗೆರೆ ಬಿಟ್ಟು ಗೆರೆ ಬರೆಯದ ಬಗೆ) ಹಾಕಿದ್ರೆ ಬರೀ ಗೆರೆ ನಡುಗೋದು ನಿಲ್ಲುತ್ತಾ, ಈ ಬಿಕ್ಕಳಿಕೆಗೂ ಉಪಯೋಗ ಇದೆಯಾ? ಇಲ್ಲಾ ಎಚ್‌ಡಿಎಂಐನಿಂದ ಎವಿಗೆ ಬದಲಿಸೋ ಡಬ್ಬಿ ತಗೊಳ್ಳೋದೇ ವಾಸಿನಾ? ಊರಲ್ಲಿ ಪೈಗೆ ಸರಿಹೊಂದೋ ಕೇಬಲ್ ಸಿಗೋ ಅಂಗಡಿ ಗೊತ್ತಿದ್ರೂ ತಿಳಿಸಿ. ಟಿವಿ ಬದಲಿಸು ಅಂತ ಮಾತ್ರ ಹೇಳ್ಬೇಡಿ, ಅದನ್ನ ಮನೇಲಿ ದಿನಾ ಕೇಳ್ತಿದ್ದೀನಿ.