ಪೇಂಟ್ ಡಾಟ್ ನೆಟ್‌ನಲ್ಲಿ ಬ್ರಷ್ ಎಳೆದರೆ ಹಿಂದಿನ ಬಣ್ಣ ಕಾಣುತ್ತಿದೆ – ಏನು ಮಾಡಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಪೇಂಟ್ ಡಾಟ್ ನೆಟ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಅಂಗನವಾಡಿ ಮಕ್ಕಳಿಗೆ ಅಕ್ಷರದ ಕಾರ್ಡ್ ಮಾಡುತ್ತಿದ್ದೇನೆ. ‘ಅ’ಗೆ ಅಳಿಲು, ‘ಆ’ಗೆ ಆನೆ, ಹೀಗೆ. ಪ್ರತಿ ಕಾರ್ಡಿಗೂ ಎರಡು ಲೇಯರ್ (ಒಂದರ ಮೇಲೊಂದು ಕೂರುವ ಪದರ) ಇಟ್ಟಿದ್ದೇನೆ. ಕೆಳಗಿನದು ಹಸಿರು ಹಿನ್ನೆಲೆ, ಮೇಲಿನದು ಪ್ರಾಣಿ. ಅಳಿಲು ಚೆನ್ನಾಗಿ ಬಂತು. ಆನೆಯ ತಲೆ, ಕಿವಿ ಕೂಡ ಸರಿಯಾಗಿವೆ. ಆದರೆ ಹೊಟ್ಟೆ, ಕಾಲು ತುಂಬುವಾಗ ಬೂದು ಬಣ್ಣದ ಒಳಗಿಂದ ಹಸಿರು ಇಣುಕುತ್ತಿದೆ. ಒಂದು ಸಲ ಎಳೆದ ಜಾಗದಲ್ಲೇ ಮತ್ತೆ ಬ್ರಷ್ ಎಳೆದರೆ ಅಲ್ಲಿ ಮಾತ್ರ ಬಣ್ಣ ದಟ್ಟವಾಗಿ ಪಟ್ಟೆ ಪಟ್ಟೆ ಕಾಣುತ್ತದೆ. ಲೇಯರ್ ಪ್ರಾಪರ್ಟೀಸ್ ತೆಗೆದು ನೋಡಿದೆ, ಓಪ್ಯಾಸಿಟಿ (ಎಷ್ಟು ಗಟ್ಟಿಯಾಗಿ ಕಾಣಬೇಕು ಎಂಬ ಅಳತೆ) 255 ಇದೆ. ಅಂದರೆ ಪೂರ್ತಿ ಇದೆ ಅಲ್ವಾ? ಮತ್ತೆ ಯಾಕೆ ಹೀಗೆ? ಮೊದಲಿಂದ ಬಿಡಿಸುವಷ್ಟು ಪುರುಸೊತ್ತಿಲ್ಲ, ದಯವಿಟ್ಟು ದಾರಿ ತೋರಿಸಿ.

ಉತ್ತರ

ನಮಸ್ಕಾರ. ಪಟ್ಟೆ ಕಾಣುವ ವಿಷಯ ಬರೆದಿದ್ದು ಒಳ್ಳೆಯದಾಯಿತು, ಅರ್ಧ ಉತ್ತರ ಅದರಲ್ಲೇ ಇದೆ. ಲೇಯರ್‌ನ ಓಪ್ಯಾಸಿಟಿ ಕಡಿಮೆಯಾಗಿದ್ದರೆ ಆ ಲೇಯರ್‌ನಲ್ಲಿ ಇರುವುದೆಲ್ಲ ಒಂದೇ ಸಮ ಮಾಸುತ್ತಿತ್ತು. ಕಿವಿಯಿಂದಲೂ ಹಸಿರು ಕಾಣಬೇಕಿತ್ತು. ಗೆರೆ ಮೇಲೆ ಗೆರೆ ಬಿದ್ದಾಗ ದಟ್ಟವಾಗುತ್ತದೆ ಎಂದರೆ ಬಣ್ಣವೇ ಅರೆ ಪಾರದರ್ಶಕ ಆಗಿದೆ. ಖಚಿತ ಮಾಡಿಕೊಳ್ಳೋಣ, ಎರಡು ವಿಷಯ ಹೇಳಿ:

ಈಗ ಎರೇಸರ್ ಹಿಡಿದು ಕಿವಿಯ ಮೇಲೆ ಒಂದು ಸಲ ಎಳೆದರೆ ಪೂರ್ತಿ ಅಳಿಸುತ್ತದೆಯೋ, ಅಥವಾ ಮಸುಕಾಗಿ ಉಳಿಯುತ್ತದೆಯೋ? ನೋಡಿದ ತಕ್ಷಣ ಕಂಟ್ರೋಲ್ ಝಡ್ ಒತ್ತಿ ಹಿಂದಕ್ಕೆ ತಂದುಬಿಡಿ. ಇನ್ನೊಂದು, ಹೊಟ್ಟೆಯ ಬೂದು ಬಣ್ಣವನ್ನು ಪ್ಯಾಲೆಟ್‌ನಿಂದ ತೆಗೆದಿರಾ, ಚಿತ್ರದಲ್ಲಿರುವ ಬಣ್ಣವನ್ನೇ ಕ್ಲಿಕ್ ಮಾಡಿ ಎತ್ತಿಕೊಳ್ಳುವ ಕಲರ್ ಪಿಕರ್‌ನಿಂದ ತೆಗೆದಿರಾ?

ಪ್ರಶ್ನೆ ಕೇಳಿದವರು

ಹೌದು ಸರ್, ಎರೇಸರ್ ಕೂಡ ಅರ್ಧಂಬರ್ಧ ಅಳಿಸುತ್ತಿದೆ! ಅದನ್ನು ಗಮನಿಸಿರಲೇ ಇಲ್ಲ. ಬಣ್ಣ ತೆಗೆದದ್ದು ಕಲರ್ ಪಿಕರ್‌ನಿಂದ. ಕಿವಿಯ ಅಂಚಿನ ಹತ್ತಿರ ಕ್ಲಿಕ್ ಮಾಡಿದ್ದೆ.

ಉತ್ತರ

ಹಾಗಾದರೆ ಅನುಮಾನವೇ ಬೇಡ.

ಕಿವಿಯ ಅಂಚನ್ನು ಚೆನ್ನಾಗಿ ಝೂಮ್ ಮಾಡಿ. ಹಿನ್ನೆಲೆಯ ಲೇಯರ್ ಮುಂದಿನ ಟಿಕ್ ತೆಗೆದು ನೋಡಿದರೆ ಇನ್ನೂ ಸ್ಪಷ್ಟ. ಒಳಗಡೆ ಗಟ್ಟಿ ಬೂದು. ಹೊರಗೆ ಬೂದು-ಬಿಳಿ ಚೌಕುಳಿ, ಅಂದರೆ ಏನೂ ಇಲ್ಲದ ಜಾಗ. ಇವೆರಡರ ಮಧ್ಯೆ ಒಂದೆರಡು ಪಿಕ್ಸೆಲ್‌ಗಳ ಸಾಲು ಇರುತ್ತದೆ, ಅದು ಗಟ್ಟಿಯೂ ಅಲ್ಲ, ಖಾಲಿಯೂ ಅಲ್ಲ. ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣಬಾರದು ಎಂದು ಆಂಟಿಅಲಿಯಾಸಿಂಗ್ ಇರುವಾಗ ಬ್ರಷ್ ಹೀಗೆ ನಯ ಮಾಡುತ್ತದೆ. ನಿಮ್ಮ ಕ್ಲಿಕ್ ಬಿದ್ದಿದ್ದು ಆ ಸಾಲಿನ ಮೇಲೆ. ಕಲರ್ ಪಿಕರ್ ಬಣ್ಣದ ಜೊತೆಗೆ ಅಲ್ಲಿದ್ದ ಪಾರದರ್ಶಕತೆಯನ್ನೂ ಎತ್ತಿಕೊಂಡು ಬರುತ್ತದೆ. ಆಮೇಲೆ ನೀವು ಎಳೆದ ಗೆರೆಯೆಲ್ಲ ಅದೇ ಮಸುಕಿನಲ್ಲಿ ಬಂತು.

ಎರೇಸರ್ ಕೂಡ ಇದೇ ಕಾರಣಕ್ಕೆ ಸೋತಿದೆ. ಪೇಂಟ್ ಡಾಟ್ ನೆಟ್‌ನಲ್ಲಿ ಎಡ ಬಟನ್ ಒತ್ತಿ ಅಳಿಸುವಾಗ ಎಷ್ಟು ಅಳಿಸಬೇಕು ಎನ್ನುವುದನ್ನು ಪ್ರೈಮರಿ ಬಣ್ಣದ (ಎಡ ಬಟನ್‌ಗೆ ಆರಿಸಿರುವ ಬಣ್ಣದ) ಓಪ್ಯಾಸಿಟಿಯೇ ನಿರ್ಧರಿಸುತ್ತದೆ. ನನ್ನ ಪ್ರಕಾರ ಈ ತೊಂದರೆ ಪತ್ತೆ ಮಾಡಲು ಎರೇಸರ್‌ಗಿಂತ ಸುಲಭದ ದಾರಿ ಇನ್ನೊಂದಿಲ್ಲ.

ಸರಿ ಮಾಡುವುದು ಹೀಗೆ. ಎಫ್8 ಒತ್ತಿದರೆ ಕಲರ್ಸ್ ವಿಂಡೋ ಬರುತ್ತದೆ. ಅದು ಚಿಕ್ಕದಾಗಿ ಕಂಡರೆ ‘ಮೋರ್’ ಒತ್ತಿ ದೊಡ್ಡದು ಮಾಡಿ. ಕೆಳಗಡೆ ಓಪ್ಯಾಸಿಟಿ ಎನ್ನುವ ಸಾಲಿದೆ. ಅಲ್ಲಿ 255ಕ್ಕಿಂತ ಕಡಿಮೆ ಇರುತ್ತದೆ, ಅದನ್ನು 255 ಮಾಡಿ. ಬೂದು ಬಣ್ಣ ಬದಲಾಗುವುದಿಲ್ಲ, ಗಟ್ಟಿಯಾಗುತ್ತದೆ ಅಷ್ಟೇ. ‘ಮೋರ್’ ಒತ್ತದೆ ಸಣ್ಣ ವಿಂಡೋದಲ್ಲೇ ಕೆಲಸ ಮಾಡುವವರಿಗೆ ಈ ಸಾಲು ಕಣ್ಣಿಗೇ ಬೀಳುವುದಿಲ್ಲ. ಹಾಗಾಗಿ ಆ ವಿಂಡೋ ಯಾವಾಗಲೂ ದೊಡ್ಡದಾಗಿಯೇ ಇರಲಿ.

ಈಗಾಗಲೇ ಹಾಳಾದ ಹೊಟ್ಟೆ, ಕಾಲನ್ನು ಅಳಿಸಲೇಬೇಡಿ. ಹೊಸ ಲೇಯರ್ ತೆರೆದು ಅದನ್ನು ಆನೆಗೆ ಕೆಳಗೆ, ಹಸಿರಿಗೆ ಮೇಲೆ ಇಡಿ. ಅದರಲ್ಲಿ ಅದೇ ಬೂದು ಬಣ್ಣವನ್ನು ಪೂರ್ತಿ ಓಪ್ಯಾಸಿಟಿಯಲ್ಲಿ ತುಂಬಿ. ಅಂಚಿನಿಂದ ಒಂಚೂರು ಒಳಗೇ ಇರಿ, ಹೊರಗೆ ಹೋಗಬೇಡಿ. ಮೇಲೆ ಮಸುಕು ಬೂದು, ಕೆಳಗೆ ಗಟ್ಟಿ ಬೂದು, ಎರಡೂ ಒಂದೇ ಬಣ್ಣವಾದ್ದರಿಂದ ಪಟ್ಟೆಗಳೂ ಮುಚ್ಚಿಹೋಗುತ್ತವೆ. ಸರಿ ಅನ್ನಿಸಿದ ಮೇಲೆ ಆನೆಯ ಲೇಯರ್ ಆರಿಸಿ ಕಂಟ್ರೋಲ್ ಎಂ ಒತ್ತಿದರೆ ಎರಡೂ ಸೇರುತ್ತವೆ.

ಆನೆಯ ಲೇಯರ್ ಅನ್ನೇ ಡೂಪ್ಲಿಕೇಟ್ ಮಾಡಿ ಮೇಲಿಟ್ಟರೂ ಬಣ್ಣ ಗಟ್ಟಿಯಾಗುತ್ತದೆ ಎಂದು ಕೆಲವರು ಹೇಳಬಹುದು. ನಿಜ, ಶೇ. 50 ಇದ್ದದ್ದು ಶೇ. 75 ಆಗುತ್ತದೆ, ಇನ್ನೊಂದು ಪ್ರತಿ ಇಟ್ಟರೆ ಶೇ. 87.5. ಪೂರ್ತಿ ನೂರು ಆಗುವುದಿಲ್ಲ. ಜೊತೆಗೆ ಆ ನಯವಾದ ಅಂಚುಗಳೂ ಗಟ್ಟಿಯಾಗಿ ಒರಟಾಗುತ್ತವೆ. ನಿಮ್ಮ ಚಿತ್ರಕ್ಕೆ ಅದು ಬೇಡ.

ಪ್ರಶ್ನೆ ಕೇಳಿದವರು

ಆಯಿತು ಸರ್! ಓಪ್ಯಾಸಿಟಿ 131 ಇತ್ತು. ಕೆಳಗಿನ ಲೇಯರ್‌ನಲ್ಲಿ ಬೂದು ತುಂಬಿದ ಕೂಡಲೇ ಹಸಿರು ಮಾಯ. ಪಟ್ಟೆಯೂ ಇಲ್ಲ. ಕಲರ್ ಪಿಕರ್‌ಗೆ ಸ್ಯಾಂಪ್ಲಿಂಗ್ ಎಂಬ ಆಯ್ಕೆ ಇದೆಯಲ್ಲ, ಅದನ್ನು ಲೇಯರ್ ಬದಲು ಇಮೇಜ್ ಮಾಡಿದರೆ ಮುಂದೆ ಈ ತಲೆನೋವು ಇರುವುದಿಲ್ಲವೇ?

ಉತ್ತರ

ಸಂತೋಷ. ಆದರೆ ಇಮೇಜ್‌ಗೆ ಬದಲಾಯಿಸಬೇಡಿ. ಆಗ ಎಲ್ಲ ಲೇಯರ್ ಸೇರಿ ಕಣ್ಣಿಗೆ ಕಾಣುವ ಬಣ್ಣ ಬರುತ್ತದೆ. ಗಟ್ಟಿಯಾಗಿಯೇ ಬರುತ್ತದೆ, ಸರಿ. ಆದರೆ ಕಿವಿಯ ಅಂಚಿನಲ್ಲಿ ಕ್ಲಿಕ್ ಮಾಡಿದರೆ ಹಸಿರು ಬೆರೆತ ಬೂದು ಸಿಗುತ್ತದೆ. ಅದು ಇನ್ನೂ ಕಷ್ಟ, ತಕ್ಷಣ ಗೊತ್ತಾಗುವುದೇ ಇಲ್ಲ. ಲೇಯರ್ ಎಂದೇ ಇರಲಿ, ಚಿತ್ರದ ನಡುಭಾಗದಲ್ಲಿ ಕ್ಲಿಕ್ ಮಾಡಿ, ಓಪ್ಯಾಸಿಟಿ ಮೇಲೆ ಒಂದು ಕಣ್ಣಿಡಿ.

ಇನ್ನೊಬ್ಬ ಸದಸ್ಯರು

ನನಗೂ ಇಂಥದ್ದೇ ತೊಂದರೆ. ಆದರೆ ನನ್ನದರಲ್ಲಿ ಬ್ರಷ್ ಎಳೆದ ಕಡೆ ಮೊದಲಿದ್ದ ಚಿತ್ರವೇ ಹೋಗಿ ಚೌಕುಳಿ ಕಾಣುತ್ತಿದೆ. ಇರುವುದು ಒಂದೇ ಲೇಯರ್.

ಉತ್ತರ

ನಿಮ್ಮದರಲ್ಲಿ ಎರಡು ಸಂಗತಿ ಒಟ್ಟಿಗೆ ಸೇರಿವೆ. ಬಣ್ಣದ ಓಪ್ಯಾಸಿಟಿ ಕಡಿಮೆ ಇದೆ, ಜೊತೆಗೆ ಟೂಲ್‌ಬಾರ್‌ನಲ್ಲಿ ಬ್ಲೆಂಡ್ ಮೋಡ್ ‘ಓವರ್‌ರೈಟ್’ ಆಗಿದೆ. ‘ನಾರ್ಮಲ್’ ಇದ್ದರೆ ಮಸುಕು ಬಣ್ಣ ಹಳೆಯದರ ಮೇಲೆ ಕೂರುತ್ತದೆ. ‘ಓವರ್‌ರೈಟ್’ ಇದ್ದರೆ ಹಳೆಯದನ್ನು ತೆಗೆದುಹಾಕಿ ಅದರ ಜಾಗಕ್ಕೆ ಬರುತ್ತದೆ, ಪಾರದರ್ಶಕತೆ ಸಮೇತ. ‘ನಾರ್ಮಲ್’ ಮಾಡಿ. ಹೋದ ಚಿತ್ರಕ್ಕೆ ಎಫ್6 ಒತ್ತಿ ಹಿಸ್ಟರಿಯಲ್ಲಿ ಹಿಂದೆ ಹೋಗಿ. ಚಿತ್ರವನ್ನು ಮುಚ್ಚಿದರೆ ಆ ಹಿಸ್ಟರಿ ಸಿಗುವುದಿಲ್ಲ, ಆದ್ದರಿಂದ ಈಗಲೇ ಮಾಡಿ.

ಮತ್ತೊಬ್ಬರು

ನಾನು ವಿಂಡೋಸ್ ಜೊತೆ ಬರುವ ಸಾದಾ ಪೇಂಟ್ ಬಳಸುತ್ತೇನೆ. ಕೆಂಪು ಪಟ್ಟಿಯಲ್ಲಿ ಬಿಳಿ ಅಕ್ಷರ ಬರೆದು, ಕಾಪಿ ಮಾಡಿ ಹಳದಿ ಹಿನ್ನೆಲೆಗೆ ಪೇಸ್ಟ್ ಮಾಡಿದರೆ ಅಕ್ಷರವೆಲ್ಲ ಹಳದಿಯಾಗುತ್ತಿದೆ.

ಉತ್ತರ

ಅದು ‘ಟ್ರಾನ್ಸ್‌ಪರೆಂಟ್ ಸೆಲೆಕ್ಷನ್’ ಕೆಲಸ. ಸೆಲೆಕ್ಟ್ ಬಟನ್ ಕೆಳಗಿನ ಪಟ್ಟಿಯಲ್ಲಿದೆ, ಅದರ ಟಿಕ್ ತೆಗೆದು ಮತ್ತೆ ಪೇಸ್ಟ್ ಮಾಡಿ. ಅದು ಆನ್ ಇದ್ದರೆ ಎರಡನೇ ಬಣ್ಣ ಯಾವುದಿದೆಯೋ ಅದನ್ನು ಖಾಲಿ ಎಂದು ಎಣಿಸುತ್ತದೆ. ಸಾಮಾನ್ಯವಾಗಿ ಅದು ಬಿಳಿ.

ಪಾರದರ್ಶಕ ಪಿಎನ್‌ಜಿ ಫೈಲ್‌ಗಳನ್ನು ಹಳೆಯ ಪೇಂಟ್‌ನಲ್ಲಿ ತೆರೆದು ಸೇವ್ ಮಾಡಬೇಡಿ, ಪಾರದರ್ಶಕತೆ ಹೋಗಿಬಿಡುತ್ತದೆ. ವಿಂಡೋಸ್ 11ರ ಪೇಂಟ್‌ಗೆ ಲೇಯರ್ ಮತ್ತು ಪಾರದರ್ಶಕತೆ ಬರತೊಡಗಿದ್ದು 2023ರಲ್ಲಿ.

ಪ್ರಶ್ನೆ ಕೇಳಿದವರು

ಕೊನೆಯದಾಗಿ ಒಂದು ಸರ್. ಕೆಲವು ಕಾರ್ಡ್‌ಗಳನ್ನು ಹಿನ್ನೆಲೆ ಇಲ್ಲದೆ, ಬರೀ ಪ್ರಾಣಿ ಮಾತ್ರ ಪ್ರಿಂಟ್ ಅಂಗಡಿಗೆ ಕಳಿಸಬೇಕು. ಯಾವುದರಲ್ಲಿ ಸೇವ್ ಮಾಡಲಿ?

ಉತ್ತರ

ಪಿಎನ್‌ಜಿ. ಜೆಪೆಗ್‌ನಲ್ಲಿ ಪಾರದರ್ಶಕತೆಗೆ ಜಾಗವೇ ಇಲ್ಲ. ಸೇವ್ ಮಾಡುವಾಗ ಬಿಟ್ ಡೆಪ್ತ್ 32 ಇಡಿ, 8 ಇಟ್ಟರೆ ಅಂಚು ಒರಟಾಗುತ್ತದೆ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಫೋಟೋ ಎಂದು ಕಳಿಸಬೇಡಿ, ಡಾಕ್ಯುಮೆಂಟ್ ಎಂದು ಕಳಿಸಿ. ಲೇಯರ್‌ಗಳಿರುವ ಪಿಡಿಎನ್ ಫೈಲ್ ನಿಮ್ಮ ಹತ್ತಿರವೇ ಇರಲಿ, ‘ಇ’ ಅಕ್ಷರದ ಇಲಿಗೆ ಇದೇ ಬೂದು ಬಣ್ಣ ಬೇಕಾಗಬಹುದು.