ಮಗಳ ಮುಖಕ್ಕೆ ಪಿಒಪಿ ಹಚ್ಚಬಹುದಾ? ಮಾಡಿದವರು ಹೇಳಿ

ಕೇಳಿದವರು, ಬಸವನಗುಡಿ:
ಮಗಳು ಒಂಬತ್ತನೇ ಕ್ಲಾಸ್. ಆರ್ಟ್ ಪ್ರಾಜೆಕ್ಟ್‌ಗೆ ತನ್ನದೇ ಮುಖದ ಅಚ್ಚು ತೆಗೆದು ಮುಖವಾಡ ಮಾಡಬೇಕಂತೆ. ಮುಂದಿನ ಸೋಮವಾರ ಕೊಡಬೇಕು. ಹಾರ್ಡ್‌ವೇರ್ ಅಂಗಡಿಯಿಂದ ಎರಡು ಕೆಜಿ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಪುಡಿ ತಂದಿದ್ದೇವೆ. ಕೊಬ್ಬರಿ ಎಣ್ಣೆ ಸವರಿ, ಪುಡಿ ಕಲಸಿ ಹಚ್ಚಿದರೆ ಆಯ್ತಾ?

ಡ್ರಾಯಿಂಗ್ ಮೇಷ್ಟ್ರು, ರಾಜಾಜಿನಗರ:
ಮೇಡಂ, ಆ ಪುಡಿಯನ್ನು ಮುಖಕ್ಕೆ ಹಚ್ಚಲೇಬೇಡಿ. ಜಿಪ್ಸಂ ಕಲ್ಲನ್ನು ಸುಮಾರು 150 ಡಿಗ್ರಿಗೆ ಕಾಯಿಸಿ, ಒಳಗಿನ ಬಹುಪಾಲು ನೀರು ಓಡಿಸಿದರೆ ಪಿಒಪಿ. ನೀವು ನೀರು ಹಾಕಿದರೆ ಅದು ಮತ್ತೆ ಕಲ್ಲಾಗುತ್ತದೆ, ಆಗುವಾಗ ಬಿಸಿ ಬಿಡುತ್ತದೆ. ತೆಳ್ಳಗಿದ್ದರೆ ಬೆಚ್ಚಗೆ ಅಷ್ಟೇ. ದಪ್ಪಗಿದ್ದರೆ 60 ಡಿಗ್ರಿವರೆಗೂ ಹೋಗುತ್ತದೆ. 2007ರಲ್ಲಿ ಇಂಗ್ಲೆಂಡಿನಲ್ಲಿ 16 ವರ್ಷದ ಹುಡುಗಿಯೊಬ್ಬಳು ಆರ್ಟ್ ಕ್ಲಾಸಿನಲ್ಲಿ ಕೈಯ ಅಚ್ಚು ತೆಗೆಯಲು ಪಿಒಪಿ ಬಕೆಟ್ಟಿನಲ್ಲಿ ಎರಡೂ ಕೈ ಇಟ್ಟಳು. ಗಟ್ಟಿಯಾದ ಮೇಲೆ ತೆಗೆಯಲು ಆಗಲಿಲ್ಲ. ಹೆಚ್ಚಿನ ಬೆರಳುಗಳನ್ನು ಕಳೆದುಕೊಂಡಳು. ಹೆದರಿಸಲು ಹೇಳುತ್ತಿಲ್ಲ. ಹೌದು, ಸ್ವಲ್ಪ ಹೆದರಿಸಲೂ ಹೇಳುತ್ತಿದ್ದೇನೆ.

ನಿಮಗೆ ಬೇಕಾದದ್ದು ಮೂಳೆ ಮುರಿದಾಗ ಹಾಕುವ ಪಿಒಪಿ ಬ್ಯಾಂಡೇಜ್. ದೊಡ್ಡ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. 15 ಸೆಂ.ಮೀ. ಅಗಲದ ಎರಡು ರೋಲ್ ಒಂದು ಮುಖಕ್ಕೆ ಧಾರಾಳ. ಮೊದಲೇ ಎಲ್ಲವನ್ನೂ ಕತ್ತರಿಸಿ ಇಟ್ಟುಕೊಳ್ಳಿ: ಹಣೆ, ಕೆನ್ನೆಗೆ ಉದ್ದ ಪಟ್ಟಿ, ಮೂಗಿನ ಸುತ್ತ ಬೆರಳಗಲದ ತುಂಡು. ಒದ್ದೆ ಕೈಯಲ್ಲಿ ಕತ್ತರಿ ಹಿಡಿದರೆ ಉಳಿದ ರೋಲೂ ಹಾಳು.

ಆರ್ಥೋ ವಾರ್ಡಿನಲ್ಲಿ ನರ್ಸ್ ಆಗಿದ್ದವರು, ಮಲ್ಲೇಶ್ವರ:
ಸರ್ ಹೇಳಿದ್ದು ಸರಿ. ನೀರು ಉಗುರುಬೆಚ್ಚಗಿದ್ದರೆ ಸಾಕು. ಬಿಸಿ ನೀರು ಹಾಕಿದರೆ ಬೇಗ ಗಟ್ಟಿಯಾಗುತ್ತದೆ, ಜೊತೆಗೆ ಜಾಸ್ತಿ ಸುಡುತ್ತದೆ. ಮೂರು ಪದರಕ್ಕಿಂತ ಹೆಚ್ಚು ಬೇಡ. ಕೊಬ್ಬರಿ ಎಣ್ಣೆ ಸಾಲದು, ವ್ಯಾಸಲಿನ್ ದಪ್ಪಗೆ ಹಚ್ಚಿ. ಹುಬ್ಬು, ಕೂದಲ ಅಂಚು, ಕಿವಿ ಪಕ್ಕದ ಸಣ್ಣ ಕೂದಲು, ಇವೇ ಮರೆತುಹೋಗುವ ಜಾಗಗಳು. ಕಣ್ಣಿನ ಭಾಗ ಬಿಟ್ಟುಬಿಡಿ, ಆಮೇಲೆ ಬೇಕಾದರೆ ಬೇರೆಯಾಗಿ ಮುಚ್ಚಬಹುದು. ಮೂಗಿನ ಹೊಳ್ಳೆ ತೆರೆದಿರಲಿ. ಮೂಗಿಗೆ ಸ್ಟ್ರಾ ತುರುಕುವುದನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಒಂದು ತಟ್ಟು ಬಿದ್ದರೆ ಮೂಗಿನೊಳಗೆ ಗಾಯ. ಉರಿ ಅಂದರೆ ತಕ್ಷಣ ತೆಗೆದು ತಣ್ಣೀರಿನಲ್ಲಿ ತೊಳೆಯಿರಿ, ಒಣಗಲಿ ಅಂತ ಕಾಯಬೇಡಿ. ಆಸ್ತಮಾ, ನೆಗಡಿ ಇದ್ದರೆ ಮುಖದ ಮೇಲೆ ಮಾಡುವುದೇ ಬೇಡ.

ನಾಟಕದ ಹುಡುಗ, ಹನುಮಂತನಗರ:
ಅಕ್ಕ, ಎಲ್ಲರೂ ಪ್ಲಾಸ್ಟರ್ ಬಗ್ಗೆ ಹೇಳಿದರು. ಒಳಗಿರುವವರ ಬಗ್ಗೆ ನಾನು ಹೇಳುತ್ತೇನೆ. ಕಾಲೇಜು ನಾಟಕಕ್ಕೆ ಐದು ಮುಖವಾಡ ಮಾಡಿದ್ದೆವು. ನಾಲ್ಕು ಸರಿಯಾಯಿತು. ಐದನೆಯ ಗೆಳೆಯ ಭಾರಿ ಧೈರ್ಯದವನು, "ಹಾಕ್ರೋ" ಅಂದ. ಬಾಯಿ ಮುಚ್ಚಿತು, ಕೆನ್ನೆ ಬಿಗಿಯಿತು. ಪಕ್ಕದಲ್ಲಿ ನಾವು ಸುಮ್ನೆ ಜೋಕ್ ಮಾಡುತ್ತಿದ್ದೆವು. ಅವನು ನಗಬಾರದು, ಮಾತಾಡಬಾರದು. ಉಸಿರು ಮೂಗಿನಲ್ಲಿ ಆಡುತ್ತಿತ್ತು, ಆದರೂ ಸಿಕ್ಕಿಹಾಕಿಕೊಂಡೆ ಅನ್ನಿಸಿತಂತೆ. ಎದ್ದು ಎರಡೂ ಕೈಯಲ್ಲಿ ಕಿತ್ತೆಸೆದ. ಅರ್ಧ ಹುಬ್ಬೂ ಹೋಯಿತು. ಒಂದು ವಾರ ನಮ್ಮ ಜೊತೆ ಮಾತಾಡಲಿಲ್ಲ.

ಆಮೇಲೆ ನಾವು ಕೈಸನ್ನೆ ಇಟ್ಟುಕೊಂಡೆವು. ಹೆಬ್ಬೆರಳು ಎತ್ತಿದರೆ ಸರಿ, ಅಂಗೈ ಬಿಡಿಸಿದರೆ ತೆಗೆಯಿರಿ. ಯಾಕೆ ಅಂತ ಕೇಳುವ ಹಾಗಿಲ್ಲ. ಒಬ್ಬರು ಪಟ್ಟಿ ಹಾಕಬೇಕು, ಇನ್ನೊಬ್ಬರು ಅವಳ ಕೈ ಹಿಡಿದು ಏನಾಗುತ್ತಿದೆ ಅಂತ ಹೇಳುತ್ತಿರಬೇಕು. ಬಾಯಿ ಕೊನೆಗೆ ಮುಚ್ಚಿ. ತೆಗೆಯುವಾಗ ಎಳೆಯಬೇಡಿ. ಮುಖ ಬಗ್ಗಿಸಿ ಮೂಗು ಕೆನ್ನೆ ಕುಣಿಸಿದರೆ ಅದೇ ಬಿಡುತ್ತದೆ. ಮಗಳಿಗೆ ಮೊದಲು ನಿಮ್ಮ ಅಂಗೈ ಮೇಲೆ ಒಂದು ಪಟ್ಟಿ ಹಾಕಿ ತೋರಿಸಿ. ಆಮೇಲೂ ಬೇಡ ಅಂದರೆ ಬಿಟ್ಟುಬಿಡಿ. ಬಲೂನಿನ ಮೇಲೆ ಮಾಡಿದ ಮುಖವಾಡಕ್ಕೂ ಮಾರ್ಕ್ಸ್ ಸಿಗುತ್ತದೆ, ಅಲ್ವಾ?

ಒಬ್ಬ ತಾಯಿ, ಕೆಂಗೇರಿ:
ಮಳೆಗಾಲದ ಅನುಭವ ಹೇಳುತ್ತೇನೆ. ಮುಟ್ಟಿದರೆ ಗಟ್ಟಿ ಇದೆ ಅಂತ ಮಾರನೇ ದಿನವೇ ಬಣ್ಣ ಹಚ್ಚಿದೆವು. ಒಳಗೆ ಹಸಿ ಇತ್ತು. ನಾಲ್ಕನೇ ದಿನ ಕಪ್ಪು ಚುಕ್ಕೆ, ಬೂಷ್ಟಿನ ವಾಸನೆ. ಫ್ಯಾನ್ ಕೆಳಗೆ ಎರಡು ದಿನವಾದರೂ ಬಿಡಿ. ಕೆನ್ನೆಗೆ ಹಿಡಿದರೆ ತಣ್ಣಗೆ ಅನ್ನಿಸಬಾರದು. ಆಮೇಲೆ ಮರಳು ಕಾಗದದಿಂದ ತಿಕ್ಕಿ, ನೀರು ಬೆರೆಸಿದ ಫೆವಿಕಾಲ್ ಒಂದು ಕೈ ಹೊಡೆದು ಅಕ್ರಿಲಿಕ್ ಹಚ್ಚಿ. ತಿಕ್ಕುವಾಗ ಬಾಯಿಗೆ ಮಾಸ್ಕ್ ಇರಲಿ.

ಪ್ಲಂಬರ್ ಬಿಲ್ ಕಟ್ಟಿದವನು, ಬನಶಂಕರಿ:
ಕೈ ತೊಳೆದ ನೀರನ್ನು ಸಿಂಕಿಗೆ ಸುರಿಯಬೇಡಿ. ಬಕೆಟ್ಟಿನಲ್ಲಿ ತಳ ಸೇರಲಿ, ಗಟ್ಟಿಯನ್ನು ಕಸಕ್ಕೆ ಹಾಕಿ. ಇಷ್ಟೇ ಹೇಳುತ್ತೇನೆ, ಉಳಿದದ್ದು ನೋವಿನ ಕಥೆ.

ಕೇಳಿದವರು, ಬಸವನಗುಡಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈ ಎರಡು ಕೆಜಿ ಪುಡಿ ಏನು ಮಾಡಲಿ?

ಡ್ರಾಯಿಂಗ್ ಮೇಷ್ಟ್ರು, ರಾಜಾಜಿನಗರ:
ಮೊದಲು ಒಂದು ಚಮಚ ಕಲಸಿ ನೋಡಿ. ತೇವ ಹಿಡಿದಿದ್ದರೆ ಸರಿಯಾಗಿ ಗಟ್ಟಿಯಾಗುವುದಿಲ್ಲ. ಗಟ್ಟಿಯಾದರೆ ಮಣ್ಣಿನ ಹಲಗೆಯಲ್ಲಿ ಎಲೆಯನ್ನೋ ಹೂವನ್ನೋ ಒತ್ತಿ ಗುಳಿ ಮಾಡಿ, ಅದರೊಳಗೆ ಸುರಿಯಿರಿ, ಉಬ್ಬುಚಿತ್ರ ಬರುತ್ತದೆ. ನಮ್ಮ ಮೈಸೂರಿನ ಕಲಾವಿದ ಕೆ. ವೆಂಕಟಪ್ಪನವರೂ ಪಿಒಪಿಯಲ್ಲಿ ಉಬ್ಬುಚಿತ್ರ ಮಾಡಿದವರು. ಕಲಸುವಾಗ ನೀರಿಗೆ ಪುಡಿ ಹಾಕಿ, ಪುಡಿಗೆ ನೀರಲ್ಲ. ನೀರಿನ ಮೇಲೆ ಪುಡಿಯ ಸಣ್ಣ ದ್ವೀಪಗಳು ನಿಂತಾಗ ನಿಲ್ಲಿಸಿ. ಚಮಚದಲ್ಲಿ ಕಲಸಿ, ಕೈಯಲ್ಲಿ ಬೇಡ.

ಕೇಳಿದವರು, ಬಸವನಗುಡಿ (ಭಾನುವಾರ ರಾತ್ರಿ):
ಶುಕ್ರವಾರ ಮಾಡಿದೆವು. ಅಂಗೈ ಮೇಲೆ ಪಟ್ಟಿ ಹಾಕಿ ತೋರಿಸಿದರೂ ಮಗಳು ಒಪ್ಪಲಿಲ್ಲ. ಅವರಪ್ಪ ಮಲಗಿದರು, ಅವಳೇ ಪಟ್ಟಿ ಹಾಕಿದಳು. ಹುಬ್ಬಿಗೆ ವ್ಯಾಸಲಿನ್ ಹಚ್ಚಿದ್ದೆವು, ಮೀಸೆ ಮರೆತಿತ್ತು. ಈಗ ಮುಖವಾಡದ ಒಳಗೆ ಹತ್ತು ಹದಿನೈದು ಕೂದಲಿವೆ. ಸೋಮನ ಕುಣಿತದ ಮುಖವಾಡದ ಹಾಗೆ ಕೆಂಪು ಬಳಿದಿದ್ದಾಳೆ. ತನ್ನ ಮುಖ ಯಾಕಲ್ಲ ಅಂತ ಮಿಸ್ ಕೇಳಿದರೆ ಏನು ಹೇಳುತ್ತೀಯಾ ಅಂದೆ. "ಎಲ್ಲರೂ ನಾನು ಅಪ್ಪನ ಥರ ಇದ್ದೀನಿ ಅಂತಾರಲ್ಲ" ಅಂದಳು.