ಒಂದೇ ಫಾರ್ಮ್, ಮೂರು ಸಬ್‌ಮಿಟ್ ಬಟನ್: ಎಂಟರ್ ಒತ್ತಿದರೆ ಬರಹವೇ ಅಳಿಸಿಹೋಗುತ್ತಿದೆ

ಪ್ರಶ್ನೆ

ಬರಹ ತಿದ್ದುವ ಪುಟದಲ್ಲಿ ಒಂದು ಫಾರ್ಮ್ ಇದೆ. ಅದರಲ್ಲಿ ಇದೇ ಕ್ರಮದಲ್ಲಿ "ಅಳಿಸಿ", "ಕರಡು ಉಳಿಸಿ", "ಪ್ರಕಟಿಸಿ" ಎಂಬ ಮೂರು ಬಟನ್. ಮೂರೂ ಇನ್‌ಪುಟ್ ಟೈಪ್ ಸಬ್‌ಮಿಟ್, ಮೂರಕ್ಕೂ ನೇಮ್ "ಕೆಲಸ". ಸರ್ವರ್‌ನಲ್ಲಿ ಪಿಎಚ್‌ಪಿ: ವ್ಯಾಲ್ಯೂ "ಅಳಿಸಿ" ಆದರೆ ಅಳಿಸು, "ಕರಡು ಉಳಿಸಿ" ಆದರೆ ಉಳಿಸು, ಎಲ್ಸ್‌ನಲ್ಲಿ (ಎರಡೂ ಅಲ್ಲದಿದ್ದರೆ) ಪ್ರಕಟಿಸು. ಸಿಎಸ್‌ಎಸ್ ಬಳಸಿ "ಅಳಿಸಿ"ಯನ್ನು ಬಲತುದಿಗೆ ತಳ್ಳಿದ್ದೇನೆ.

ಮೌಸ್‌ನಿಂದ ಒತ್ತಿದರೆ ಎಲ್ಲ ಸರಿ. ಶೀರ್ಷಿಕೆಯ ಪೆಟ್ಟಿಗೆಯಲ್ಲಿ ಎಂಟರ್ ಒತ್ತಿದರೆ ಬರಹ ಅಳಿಸಿಹೋಗುತ್ತದೆ. ಎರಡು ಸಲ ಒತ್ತುವುದನ್ನು ತಡೆಯಲು ಸಬ್‌ಮಿಟ್ ಇವೆಂಟ್‌ನಲ್ಲಿ ಬಟನ್‌ಗಳನ್ನು ಡಿಸೇಬಲ್ (ಒತ್ತಲಾಗದಂತೆ) ಮಾಡಿದ ಮೇಲೆ ಯಾವುದನ್ನು ಒತ್ತಿದರೂ ಪ್ರಕಟವಾಗುತ್ತಿದೆ. ಜೊತೆಗೆ, ಅರ್ಧ ತುಂಬಿದ ಕರಡನ್ನು ಉಳಿಸಲು ಹೋದರೆ ರಿಕ್ವೈರ್ಡ್ (ತುಂಬಲೇಬೇಕಾದ) ಫೀಲ್ಡ್‌ಗಳು ಅಡ್ಡ ಬರುತ್ತಿವೆ.

ಉತ್ತರ 1

ಎಂಟರ್ ವಿಷಯ ಮೊದಲು, ಅಪಾಯ ಇರುವುದು ಅಲ್ಲೇ. ಒಂದು ಸಾಲಿನ ಪೆಟ್ಟಿಗೆಯಲ್ಲಿ ಎಂಟರ್ ಒತ್ತಿದಾಗ ಬ್ರೌಸರ್ ಫಾರ್ಮ್‌ನ ಡಿಫಾಲ್ಟ್ ಬಟನ್ ಅನ್ನು ತಾನೇ ಕ್ಲಿಕ್ ಮಾಡುತ್ತದೆ. ಎಚ್‌ಟಿಎಂಎಲ್‌ನಲ್ಲಿ ಮೊದಲು ಬರುವ ಸಬ್‌ಮಿಟ್ ಬಟನ್ನೇ ಡಿಫಾಲ್ಟ್. ಪರದೆಯ ಮೇಲೆ ಅದು ಎಲ್ಲಿ ಕಾಣುತ್ತದೆ ಎಂಬುದು ಲೆಕ್ಕಕ್ಕಿಲ್ಲ. ನಿಮ್ಮಲ್ಲಿ ಅದು "ಅಳಿಸಿ". ಅದನ್ನು ಡಿಸೇಬಲ್ ಮಾಡಿಟ್ಟರೂ ಎಂಟರ್ ಎರಡನೆಯ ಬಟನ್‌ಗೆ ಹೋಗುವುದಿಲ್ಲ, ಏನೂ ನಡೆಯದೆ ನಿಂತುಬಿಡುತ್ತದೆ.

"ಕರಡು ಉಳಿಸಿ"ಯನ್ನು ಮೊದಲಿಗೆ ತನ್ನಿ. ಕೈತಪ್ಪಿ ಒತ್ತಿದರೂ ನಷ್ಟವಿಲ್ಲದ ಕೆಲಸವೇ ಡಿಫಾಲ್ಟ್ ಆಗಿರಬೇಕು. "ಅಳಿಸಿ" ಈ ಫಾರ್ಮ್‌ನಲ್ಲಿ ಇರಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಬೇರೆ ಫಾರ್ಮ್ ಬರೆಯಿರಿ. ಫಾರ್ಮ್‌ನೊಳಗೆ ಫಾರ್ಮ್ ಹಾಕಲು ಬರುವುದಿಲ್ಲ, ಒಳಗಿನ ಟ್ಯಾಗ್ ಅನ್ನು ಪಾರ್ಸರ್ (ಎಚ್‌ಟಿಎಂಎಲ್ ಓದುವ ಬ್ರೌಸರ್‌ನ ಭಾಗ) ಕೈಬಿಡುತ್ತದೆ. ಹಾಗಾಗಿ ಆ ಫಾರ್ಮ್ ಅನ್ನು ಹೊರಗಿಟ್ಟು ಐಡಿ ಕೊಡಿ, ಬಟನ್ ಮಾತ್ರ ಈಗಿರುವ ಜಾಗದಲ್ಲೇ ಇರಲಿ. ಅದರ "ಫಾರ್ಮ್" ಆಟ್ರಿಬ್ಯೂಟ್‌ಗೆ ಆ ಐಡಿ ಕೊಟ್ಟರೆ ಸಾಕು.

ಉತ್ತರ 2

ಡಿಸೇಬಲ್ ಸಮಸ್ಯೆಗೆ ಕಾರಣ ಇದು: ಕಳಿಸಬೇಕಾದ ಡೇಟಾವನ್ನು ಬ್ರೌಸರ್ ಒಟ್ಟುಮಾಡುವುದು ಸಬ್‌ಮಿಟ್ ಇವೆಂಟ್ ಮುಗಿದ ಮೇಲೆ. ಅಷ್ಟರಲ್ಲಿ ನಿಮ್ಮ ಬಟನ್ ಡಿಸೇಬಲ್ ಆಗಿರುತ್ತದೆ. ಡಿಸೇಬಲ್ ಆದದ್ದು ಪಟ್ಟಿಗೆ ಸೇರುವುದಿಲ್ಲ. "ಕೆಲಸ" ಹೋಗಲಿಲ್ಲ, ಪಿಎಚ್‌ಪಿ ಎಲ್ಸ್‌ಗೆ ಬಿತ್ತು, ಬರಹ ಪ್ರಕಟವಾಯಿತು. ಕ್ಲಿಕ್ ಇವೆಂಟ್‌ನಲ್ಲೇ ಡಿಸೇಬಲ್ ಮಾಡಿದರೆ ಇನ್ನೂ ಕೆಟ್ಟದು, ಫಾರ್ಮ್ ಹೊರಡುವುದೇ ಇಲ್ಲ.

ಡಿಸೇಬಲ್ ಮಾಡುವ ಸಾಲನ್ನು ಸೆಟ್‌ಟೈಮ್‌ಔಟ್ 0ರೊಳಗೆ ಇಡಿ, ಆಗ ಅದು ಡೇಟಾ ಒಟ್ಟಾದ ಮೇಲೆ ನಡೆಯುತ್ತದೆ. ಬ್ಯಾಕ್ ಒತ್ತಿ ಮರಳಿದಾಗ ಬಟನ್‌ಗಳು ಹಾಗೇ ಸತ್ತಂತೆ ಇರಬಹುದು, ಪೇಜ್‌ಶೋ ಇವೆಂಟ್‌ನಲ್ಲಿ ಮತ್ತೆ ಎಬ್ಬಿಸಿ. ಇಷ್ಟಾದರೂ ಒಂದೇ ಕೋರಿಕೆ ಎರಡು ಸಲ ಬರುವುದನ್ನು ನಿಜವಾಗಿ ತಡೆಯಬೇಕಾದದ್ದು ಸರ್ವರ್: ಒಮ್ಮೆ ಮಾತ್ರ ಬಳಸಬಹುದಾದ ಟೋಕನ್ (ಗುರುತಿನ ಸಂಕೇತ) ಇಡಿ.

ಕರಡಿಗೆ: ಆ ಬಟನ್‌ಗೆ ಮಾತ್ರ "ಫಾರ್ಮ್‌ನೋವ್ಯಾಲಿಡೇಟ್" ಸೇರಿಸಿ, ಅದನ್ನು ಒತ್ತಿದಾಗ ಬ್ರೌಸರ್ ಫೀಲ್ಡ್‌ಗಳ ತಪಾಸಣೆ ಮಾಡುವುದಿಲ್ಲ. ಸರ್ವರ್ ಕೂಡ ಕರಡಿಗೆ ಸಡಿಲ ನಿಯಮ, ಪ್ರಕಟಣೆಗೆ ಪೂರ್ತಿ ನಿಯಮ ಎಂದು ಬೇರೆಮಾಡಲಿ.

ಇನ್‌ಪುಟ್ ಬಿಟ್ಟು ಬಟನ್ ಟ್ಯಾಗ್ ಬಳಸಿ. ಇನ್‌ಪುಟ್‌ನಲ್ಲಿ ಕಾಣುವ ಬರಹವೇ ವ್ಯಾಲ್ಯೂ. ನಾಳೆ "ಕರಡು ಉಳಿಸಿ" ಎಂಬುದನ್ನು "ಉಳಿಸಿಡಿ" ಎಂದು ಬದಲಿಸಿದರೆ ಪಿಎಚ್‌ಪಿ ಹೋಲಿಕೆ ಮುರಿಯುತ್ತದೆ. ಬಟನ್ ಟ್ಯಾಗ್‌ನಲ್ಲಿ ಎರಡೂ ಬೇರೆ ಬೇರೆ. ಆದರೆ ಟೈಪ್ ಬರೆಯದಿದ್ದರೆ ಅದೂ ಸಬ್‌ಮಿಟ್ಟೇ. "ಮುನ್ನೋಟ ತೆರೆ" ತರಹದವಕ್ಕೆ ಟೈಪ್ ಬಟನ್ ಎಂದು ಬರೆಯಲು ಮರೆಯಬೇಡಿ.

ಪ್ರಶ್ನೆ ಕೇಳಿದವರು

ಮೂರೂ ಸರಿಹೋದವು, ಧನ್ಯವಾದ. ಮುಂದೆ ಇದನ್ನು ಫೆಚ್‌ನಲ್ಲಿ (ಪುಟ ಬದಲಾಗದೆ, ಸ್ಕ್ರಿಪ್ಟ್‌ನಿಂದ) ಕಳಿಸಬೇಕು. ಫಾರ್ಮ್‌ನ ವ್ಯಾಲ್ಯೂಗಳನ್ನು ಒಟ್ಟುಮಾಡುವ ಫಾರ್ಮ್‌ಡೇಟಾದಲ್ಲಿ "ಕೆಲಸ" ಕಾಣುತ್ತಿಲ್ಲ.

ಉತ್ತರ 3

ಫಾರ್ಮ್‌ಡೇಟಾಗೆ ಫಾರ್ಮ್ ಮಾತ್ರ ಕೊಟ್ಟರೆ ಯಾವ ಬಟನ್ ಒತ್ತಿದ್ದು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಸಬ್‌ಮಿಟ್ ಇವೆಂಟ್‌ನ "ಸಬ್‌ಮಿಟರ್" ಗುಣದಲ್ಲಿ ಆ ಬಟನ್ ಸಿಗುತ್ತದೆ, ಎಂಟರ್ ಒತ್ತಿದಾಗಲೂ. ಅದನ್ನು ಎರಡನೆಯ ಆರ್ಗ್ಯುಮೆಂಟ್ ಆಗಿ ಕೊಡಿ. ಹಳೆಯ ಬ್ರೌಸರ್‌ಗಳು ಎರಡನೆಯದನ್ನು ಗಮನಿಸುವುದಿಲ್ಲ. ಅವೂ ಬೇಕಿದ್ದರೆ ಸಬ್‌ಮಿಟರ್‌ನ ನೇಮ್, ವ್ಯಾಲ್ಯೂಗಳನ್ನು "ಸೆಟ್" ಮೂಲಕ ಕೈಯಾರೆ ಸೇರಿಸಿ.

ಸ್ಕ್ರಿಪ್ಟ್‌ನಿಂದ ಕಳಿಸುವಾಗ ಫಾರ್ಮ್‌ನ "ಸಬ್‌ಮಿಟ್" ಮೆಥಡ್ ಕರೆಯಬೇಡಿ: ತಪಾಸಣೆ ನಡೆಯದು, ಇವೆಂಟ್ ಏಳದು, ಬಟನ್ ಹೋಗದು. "ರಿಕ್ವೆಸ್ಟ್‌ಸಬ್‌ಮಿಟ್" ಕರೆದು ಬಟನ್ ಅನ್ನು ಒಳಗೆ ಕೊಡಿ. ಬಟನ್‌ಗೆ "ಸಬ್‌ಮಿಟ್" ಎಂದು ನೇಮ್ ಇಟ್ಟರೆ ಆ ಮೆಥಡ್ಡೇ ಮರೆಯಾಗುತ್ತದೆ, ಅದನ್ನೂ ತಪ್ಪಿಸಿ.

ಆ ಎಲ್ಸ್ ಇನ್ನೂ ಹಾಗೇ ಇದೆಯೇ? ಇದ್ದರೆ ಇವತ್ತೇ ತೆಗೆಯಿರಿ. "ಪ್ರಕಟಿಸಿ" ಎಂಬ ವ್ಯಾಲ್ಯೂ ಸ್ಪಷ್ಟವಾಗಿ ಬಂದರೆ ಮಾತ್ರ ಪ್ರಕಟಿಸಿ. ಗೊತ್ತಿಲ್ಲದ ವ್ಯಾಲ್ಯೂ ಬಂದರೆ, ಅಥವಾ ಏನೂ ಬಾರದಿದ್ದರೆ, 400 (ಕೋರಿಕೆ ತಪ್ಪು ಎಂಬ ಉತ್ತರ) ಕಳಿಸಿ ನಿಲ್ಲಿಸಿ. ಬಟನ್ ಮುಚ್ಚಿಟ್ಟರೂ ಯಾರು ಬೇಕಾದರೂ "ಪ್ರಕಟಿಸಿ" ಎಂದು ಕಳಿಸಬಹುದು. ಅವರಿಗೆ ಆ ಅಧಿಕಾರ ಇದೆಯೇ ಎಂದು ಅದೇ ಜಾಗದಲ್ಲಿ ನೋಡಿ.